ಸೆರಗಿನ ನೆರಳಿಗೆ ಒಂದು ಫ್ಲ್ಯಾಶ್

ಇಷ್ಟು ಬಿಸಿಲಿರುವಾಗ ಫ್ಲ್ಯಾಶ್ ಯಾಕೆ ಎಂದು ಚಿತ್ತಾಪುರದ ನನ್ನ ಸ್ಟುಡಿಯೋಕ್ಕೆ ಬರುವವರು ಈಗಲೂ ಕೇಳುತ್ತಾರೆ. ನೆತ್ತಿಯ ಮೇಲಿನ ಸೂರ್ಯ ಹಣೆಗೆ ಬೆಳಕು ಕೊಟ್ಟು ಕಣ್ಣಿಗೆ ಕತ್ತಲೆ ಕೊಡುತ್ತಾನೆ. ಆ ಕತ್ತಲೆಗೆ ಎದುರಿನಿಂದ ಒಂದು ಬೊಗಸೆ ಬೆಳಕು ಚೆಲ್ಲಬೇಕು, ಅಷ್ಟೇ. ಇದನ್ನು ಹೇಳುವಾಗೆಲ್ಲ ಕಾಳಗಿಯ ಒಂದು ಅಂಗಳ ನೆನಪಾಗುತ್ತದೆ.

ಅಲ್ಲಿಂದ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ಅವಳ ತಾಯಿಗೆ ಹೃದಯದ ಆಪರೇಷನ್. ಅಂದೇ ಮಧ್ಯಾಹ್ನ ಕಲಬುರಗಿಗೆ ಹೊರಡಬೇಕು.

"ಮನ್ಯಾಗ ಫೋಟೋ ಭಾಳ ಅದಾವ್ರಿ. ಎಲ್ಲಾದ್ರಾಗೂ ಸೆರಗು ಅದ, ಅವ್ವ ಇಲ್ಲ. ಲಗೂನ ಬರ್ರಿ."

ನಾನು ಹೋದಾಗ ಕಾರು ಬಂದು ನಿಂತಿತ್ತು. ತಾಯಿಯನ್ನು ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿದ್ದರು. ಬೇವಿನ ಮರದ ಕೆಳಗೆ ತಂಪಾದ ಕಟ್ಟೆಯಿತ್ತು, ಆದರೆ ಅಲ್ಲಿ ಆಕೆಯ ಮಾವ ಕೂತಿದ್ದರು. ಅವರ ಸರಿಸಮ ಕೂರಲು ಆಕೆ ಒಪ್ಪಿರಲಿಲ್ಲ. ಬಿಸಿಲಿಗೆ ಸೆರಗಿನೊಳಗೆಲ್ಲ ಕಪ್ಪು. ಮೂಗಿನ ತುದಿಯೊಂದೇ ಕಾಣುತ್ತಿತ್ತು.

"ಅಕ್ಕಾ, ಸೆರಗು ಜರಾ ಹಿಂದ ಸರಸ್ರಿ," ಎಂದುಬಿಟ್ಟೆ. ಆಕೆ ಅದನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

ಮಗಳು ನನ್ನ ಹತ್ತಿರ ಬಂದು ಪಿಸುಗುಟ್ಟಿದಳು: "ಮುತ್ಯಾ ಕುಂತಾನ್ರಿ. ಮದಿವ್ಯಾಗಿ ಬಂದಾಗಿನಿಂದ ಅವ್ವ ಅವನ ಮುಂದ ಸೆರಗು ತಗದಿಲ್ಲ, ಮಾತೂ ಆಡಿಲ್ಲ." ಆಮೇಲೆ ತಾಯಿಗೆ, "ಮುತ್ಯಾಗ ಒಳಗ ಹೋಗಂತ ಹೇಳ್ಲೇನವ್ವಾ?" ಎಂದಳು.

"ನನ್ನ ಸಲುವಾಗಿ ಹಿರ್ಯಾರನ್ನ ಎಬ್ಬಸ್ತಿಯೇನು? ಬ್ಯಾಡ," ಎಂದು ಸೆರಗಿನೊಳಗಿಂದ ಸಣ್ಣ ದನಿ ಬಂತು.

ನಾನು ಕ್ಯಾಮೆರಾಕ್ಕೆ ಫ್ಲ್ಯಾಶ್ ಏರಿಸಿದೆ. ಕಟ್ಟೆಯ ಮೇಲಿನಿಂದ ಮುದುಕರು ನಕ್ಕರು.

"ಏನ್ ತಮ್ಮಾ, ಇಂಥಾ ಬಿಸಲಾಗ ದೀಪ ಹಚ್ಲಿಕತ್ತಿ? ಸೂರ್ಯಾಗ ಎಣ್ಣಿ ಕಡಿಮಿ ಬಿತ್ತೇನು?"

"ಸೂರ್ಯ ಮ್ಯಾಲ ಅದಾನ ಮುತ್ಯಾ. ಬಗ್ಗಿ ನೋಡಂಗಿಲ್ಲ ಅವ," ಎಂದೆ.

ಮೊದಲ ಫೋಟೋದಲ್ಲಿ ಮುಖ ಜೋಳದ ಹಿಟ್ಟು ಬಳಿದಂತೆ ಬೆಳ್ಳಗಾಯಿತು. ಫ್ಲ್ಯಾಶ್ ತಗ್ಗಿಸಿ, ಅದರ ಮೇಲೆ ಕರವಸ್ತ್ರ ಮಡಿಸಿ ಹಿಡಿದು ಮತ್ತೊಂದು ತೆಗೆದೆ. ಈ ಸಲ ಸೆರಗು ಸೆರಗಾಗಿಯೇ ಉಳಿದು, ಒಳಗಿನ ಎರಡು ಕಣ್ಣು ಮಗಳತ್ತ ನೋಡಿದವು. ಹುಡುಗಿ ಕ್ಯಾಮೆರಾದ ಪರದೆ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಅವಳ ತಾಯಿಯ ಮುಖ ಕಾಣುವ ಫೋಟೋ ಅದೊಂದೇ. ಮುಂದೆ ಆಸ್ಪತ್ರೆಯಿಂದ ಆಕೆ ಮರಳಿ ಬರಲಿಲ್ಲ.

"ತಾ ಇಲ್ಲಿ, ನಿನ್ನ ದೀಪ ಏನ್ ತೋರಸ್ತು ನೋಡ್ತೀನಿ," ಎಂದು ಆಗ ಕಟ್ಟೆಯಿಂದ ಮುದುಕರು ಕೈಚಾಚಿದರು.

ಕ್ಯಾಮೆರಾ ಅವರ ಮುಂದೆ ಹಿಡಿದೆ. ಗುಳಿಬಿದ್ದ ಕಣ್ಣು, ಒಣಗಿದ ತುಟಿ, ಎದ್ದುನಿಂತ ಗಲ್ಲದ ಎಲುಬು. ಅವರ ನಗು ಇಳಿದುಹೋಯಿತು.

"ಇಷ್ಟು ಸೊರಗ್ಯಾಳೇನು?" ಎಂದರು. "ದಿನಾ ರೊಟ್ಟಿ ನೀಡೋ ಕೈ ಅಷ್ಟೇ ನೋಡೀನಿ ನಾ."

ಅವರು ಕೋಲೂರಿ ಎದ್ದರು. ಸೊಸೆಯ ಕುರ್ಚಿಯತ್ತ ತಿರುಗಿ, ನಡುವೆ ಯಾರನ್ನೂ ಇಟ್ಟುಕೊಳ್ಳದೆ ಹೇಳಿದರು:

"ಯವ್ವಾ, ಬಿಸಲಾಗ ಯಾಕ ಕುಂತಿ? ಇಲ್ಲಿ ಬಾ."

ಆಕೆ ಸೆರಗನ್ನು ಮತ್ತೊಮ್ಮೆ ಮುಂದಕ್ಕೆ ಎಳೆದುಕೊಂಡಳು. ಕೊನೆಗೆ ಮಗಳ ಭುಜ ಹಿಡಿದು ಬಂದು ಕಟ್ಟೆಯ ಅಂಚಿಗೆ ಕೂತಳು. ಕಾರು ಹೊರಡುವವರೆಗೆ ಮುದುಕರು ಬಿಸಿಲಿನಲ್ಲೇ ನಿಂತಿದ್ದರು.