ಪುಷ್ಪಕ್ಕ ಕಟ್ಟಿದ ಕಿರೀಟ

ನಮ್ಮ ಪುಷ್ಪಕ್ಕನಿಗೆ ಹೊಟ್ಟೆಕಿಚ್ಚು ಸ್ವಲ್ಪ ಜಾಸ್ತಿ. ಇದನ್ನು ನಾನು ಅವಳ ಎದುರಿಗೇ ಹೇಳುತ್ತೇನೆ, ಅವಳೂ ಹೌದೆನ್ನುತ್ತಾಳೆ. ಅರಬ್ ನಾಡಿನ ಜಿದ್ದಾದಲ್ಲಿ, ಪರದೇಶದವರು ವಾಸಿಸುವ ಒಂದು ಕಾಂಪೌಂಡಿನ ಸಣ್ಣ ಕ್ಲಿನಿಕ್ಕಿನಲ್ಲಿ ನಾವಿಬ್ಬರೂ ನರ್ಸುಗಳು. ನನಗೆ ಹೊಸ ಚಪ್ಪಲಿ ಬಂದರೂ ಅವಳ ಮುಖ ಊದಿಕೊಳ್ಳುತ್ತದೆ. ಶಂಕರಪುರದ ಮಲ್ಲಿಗೆ ಕಟ್ಟುವ ಮನೆಯ ಮಗಳು, ಅಕ್ಷರಕ್ಕಿಂತ ಮೊದಲು ಹೂ ಕಟ್ಟಲು ಕಲಿತವಳೆಂಬ ಜಂಬ ಬೇರೆ. ನಾಲ್ಕು ವರ್ಷದ ಹಿಂದೆ ಗಂಡ ಅಖಿಲೇಶಣ್ಣ ಇಲ್ಲೇ ಎದೆನೋವಿನಿಂದ ತೀರಿಕೊಂಡರು. ಆಮೇಲೆ ಅವಳು ಹೂ ಮುಡಿದಿಲ್ಲ. ಮುಡಿಯಬೇಡ ಎಂದು ಜಿದ್ದಾದಲ್ಲಿ ಯಾರೂ ಹೇಳಿರಲಿಲ್ಲ. ಹೇಳುವವರು ಊರಿನ ಗಂಡನ ಮನೆಯವರು, ಫೋನಿನಲ್ಲಿದ್ದರು.

ಕಾಂಪೌಂಡಿನ ಹಿಂದಿನ ಬೀದಿಯಲ್ಲಿ ಸ್ವೀಡನ್ನಿನವರ ಮನೆಗಳಿವೆ. ಪ್ರತಿ ಜೂನಿನಲ್ಲಿ ಆ ಬೀದಿಗೆ ಕಾರು ಬಾರದಂತೆ ಮಾಡಿ, ತಮ್ಮ ಊರಿನ ಬೇಸಿಗೆ ಹಬ್ಬ ನಡೆಸುತ್ತಾರೆ. ಅಲ್ಲಿ ಆಗ ಕತ್ತಲಾಗುವುದೇ ಅಪರೂಪವಂತೆ. ಇಲ್ಲಿ ಬಿಸಿಲಿನ ಧಗೆಗೆ ಕತ್ತಲಾಗುವ ತನಕ ಹೊರಗೆ ಕಾಲಿಡುವ ಹಾಗಿಲ್ಲ. ಎಲೆ ಸುತ್ತಿದ ಕಂಬ ನಿಲ್ಲಿಸಿ, ಅದರ ಸುತ್ತ ಮುದುಕರು ಮಕ್ಕಳೆನ್ನದೆ ಕಪ್ಪೆಯ ಹಾಗೆ ಕುಪ್ಪಳಿಸುತ್ತಾರೆ. ಹೆಂಗಸರ ತಲೆಗೆ ಹೂವಿನ ಕಿರೀಟ. ಈ ವರ್ಷ ನಮ್ಮನ್ನೂ ಕರೆದಿದ್ದರು.

ಇಲ್ಲಿಯದೇ ತಬೂಕ್ ಎಂಬ ಊರಿನ ತೋಟದಿಂದ ಪೆಟ್ಟಿಗೆಗಟ್ಟಲೆ ಹೂ ಬಂದಿತ್ತು. ಅವರು ಅದನ್ನು ತಂತಿಗೆ ಸುತ್ತುವ ಚಂದ ನೋಡಿ ಪುಷ್ಪಕ್ಕನಿಗೆ ತಡೆಯಲಿಲ್ಲ.

“ಎಂತ ಮಾರಾಯ್ತಿ, ಹೂವಿನ ಕುತ್ತಿಗೆ ಹಿಸುಕ್ತಾ ಇದ್ದಾರೆ!”

ಕ್ಲಿನಿಕ್ಕಿಗೆ ಹೋಗಿ ಗಾಯಕ್ಕೆ ಕಟ್ಟುವ ಬಟ್ಟೆ ತಂದಳು. ಅದನ್ನು ಸೀಳಿ, ಒದ್ದೆ ಮಾಡಿ, ಬಾಳೆನಾರಿನ ಹಾಗೆ ಬೆರಳಿಗೆ ಸುತ್ತಿಕೊಂಡು ಕುಳಿತಳು. ನೋಡನೋಡುತ್ತಿದ್ದಂತೆ ಎಲ್ಲರ ತಲೆಗೂ ಕಿರೀಟ ಬಂತು, ನನ್ನ ತಲೆಗೂ.

ಇಂಗೆರ್ ಅಜ್ಜಿಗೆ ಮಾತ್ರ ಬರಲಿಲ್ಲ. ಮಗನ ಮನೆಯಲ್ಲಿರುವ ಈ ಅಜ್ಜಿ ವಾರ ವಾರ ಬಿಪಿ ನೋಡಿಸಲು ನಮ್ಮಲ್ಲಿಗೆ ಬರುವವಳು. ಕಳೆದ ಚಳಿಗಾಲದಲ್ಲಿ ಅವಳ ಗಂಡ ಹೋದದ್ದು ಪುಷ್ಪಕ್ಕನಿಗೆ ಗೊತ್ತು. ಹೂ ಎದುರಿಗೆ ಹಿಡಿದು ಮುದುಕಿಯನ್ನು ನೋಯಿಸುವುದು ಬೇಡವೆಂದು ಬೇಕೆಂದೇ ಬಿಟ್ಟಿದ್ದಳು.

ಅಜ್ಜಿ ನೇರ ಬಂದು ನಿಂತಳು. “ನನ್ನದೆಲ್ಲಿ?”

ಗಂಡ ಹೋದವರು ನಮ್ಮಲ್ಲಿ ಹೂ ಮುಡಿಯುವುದಿಲ್ಲ ಎಂದು ಪುಷ್ಪಕ್ಕ ಇಂಗ್ಲಿಷಿನಲ್ಲಿ ಮೆಲ್ಲಗೆ ತಿಳಿಸಿದಳು. ಅಜ್ಜಿಯ ಮುಖ ಕೆಂಪಾಯಿತು.

“ಸತ್ತದ್ದು ಅವನು, ನಾನಲ್ಲ. ಅವನು ಬರುವ ಮೊದಲೂ ನಾನು ಹೂ ಇಟ್ಟವಳು.”

ಪುಷ್ಪಕ್ಕ ಎಲ್ಲಕ್ಕಿಂತ ದಪ್ಪದ ಕಿರೀಟ ಕಟ್ಟತೊಡಗಿದಳು. ಕೈ ಕಟ್ಟುತ್ತಿತ್ತು, ಹೊಟ್ಟೆ ಉರಿಯುತ್ತಿತ್ತು.

“ನಾನೂ ತೊಟ್ಟಿಲಲ್ಲಿರುವಾಗಲೇ ಮುಡಿದವಳು,” ಎಂದು ನನ್ನ ಕಿವಿಯಲ್ಲಿ ಹೇಳಿದಳು. “ಈ ಮುದುಕಿಗೆ ಕೇಳುವ ಧೈರ್ಯ ಉಂಟು, ನೋಡು. ನಂಗೆ ಇವಳನ್ನು ಕಂಡ್ರೆ ಆಗುದಿಲ್ಲ.”

ಕಿರೀಟ ಇಟ್ಟುಕೊಂಡ ಅಜ್ಜಿ ಸುಮ್ಮನೆ ಹೋಗಲಿಲ್ಲ. ಮೇಜಿನ ಮೇಲೆ ಉಳಿದಿದ್ದ ಒಂದು ಕಿರೀಟವನ್ನು ಎತ್ತಿ ಪುಷ್ಪಕ್ಕನ ತಲೆಗಿಟ್ಟು ಕೈ ಹಿಡಿದು ಎಳೆದಳು. ಪುಷ್ಪಕ್ಕ ಅದನ್ನು ತೆಗೆಯಲಿಲ್ಲ. ಕಪ್ಪೆಗಳ ಜೊತೆ ಒಂದು ಸುತ್ತು ಕುಪ್ಪಳಿಸಿದಳು, ನಗುತ್ತಾ. ಅವಳು ಹಾಗೆ ನಕ್ಕದ್ದನ್ನು ನಾನು ನೋಡಿ ವರ್ಷಗಳೇ ಆಗಿದ್ದವು.

ಅಷ್ಟರಲ್ಲಿ ಯಾರೋ ಫೋಟೋ ಎಂದರು. ನಾನು ಫೋನ್ ಎತ್ತಿದ್ದೇ ತಡ, ಅವಳ ಕೈ ತಲೆಗೆ ಹೋಯಿತು. ಕಿರೀಟ ಬೆನ್ನ ಹಿಂದೆ ಸೇರಿತು.

ಆ ಫೋಟೋವನ್ನು ಅವಳೇ ಗಂಡನ ಮನೆಯವರ ಗ್ರೂಪಿಗೆ ಹಾಕಿದಳು. ಮರುದಿನ ಕ್ಲಿನಿಕ್ಕಿನಲ್ಲಿ ಫೋನನ್ನು ನನ್ನ ಮುಂದೆ ಹಿಡಿದಳು. ಅಖಿಲೇಶಣ್ಣನ ಅಕ್ಕ ಬರೆದಿದ್ದರು: “ನೀನು ಕಟ್ಟಿದ್ದಾ? ನಡುವಿನ ಅಜ್ಜಿಗೆ ಹೂ ಎಷ್ಟು ಲಾಯ್ಕ ಕಾಣ್ತದೆ!”

“ಅಜ್ಜಿಗೂ ಗಂಡ ಇಲ್ಲ ಅಂತ ಬರೀಲಾ?” ಎಂದು ಕೇಳಿದಳು.

“ಬೇಡ ಪುಷ್ಪಕ್ಕ, ಸುಮ್ಮನೆ ಎಂತಕ್ಕೆ?” ಎಂದೆ.

ಅಷ್ಟರಲ್ಲಿ ಬರೆದು ಕಳಿಸಿಯಾಗಿತ್ತು. ಅತ್ತಿಗೆ ಓದಿದ ಗುರುತು ಆಗಲೇ ಬಂತು. ಉತ್ತರ ಬರಲಿಲ್ಲ.