ಟ್ರಯಲ್ ರೂಮಿನ ಅಕ್ಕನ ಕಿವಿ

ಮೂರಂತಸ್ತಿನ ಆ ಬಟ್ಟೆ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸಿನಲ್ಲಿ ಅವಳಿಗಿಂತ ಹಿರಿಯನಾದ ಕಾವಲುಗಾರನಿಗೂ ಅವಳು ಅಕ್ಕನೇ. ಗಿರಾಕಿಗಳು ಬಟ್ಟೆ ಹಾಕಿ ನೋಡುವ ಟ್ರಯಲ್ ರೂಮುಗಳ ಸಾಲು ಅವಳ ಸುಪರ್ದಿಯಲ್ಲಿತ್ತು. ಒಳಗಿದ್ದವರು ಕೂಗಿದರೆ ಬೇರೆ ಅಳತೆಯದ್ದನ್ನು ತಂದುಕೊಡುವುದು, ಬೇಡವೆಂದು ಬಿಟ್ಟುಹೋದದ್ದನ್ನು ಮಡಚಿ ಅದರ ಜಾಗಕ್ಕೆ ಸೇರಿಸುವುದು, ಇಷ್ಟೇ ಕೆಲಸ. ತೊಂದರೆಯೆಂದರೆ, ಕೂಗಿದ್ದು ಅವಳಿಗೆ ಕೇಳಿಸುತ್ತಿರಲಿಲ್ಲ.

ಬಾಣಂತನದಲ್ಲಿ ಬಂದ ಜ್ವರ ಎಡಗಿವಿಯನ್ನು ಕಸಿದುಕೊಂಡಿತ್ತು. ಬಲಗಿವಿಯೂ ಬರಬರುತ್ತಾ ಮಂದವಾಗಿತ್ತು. ಎದುರಿಗೆ ನಿಂತವರ ತುಟಿ ನೋಡಿ ಮಾತು ಹಿಡಿಯುವುದನ್ನು ಅವಳು ಕಲಿತಿದ್ದಳು, ನಿಜ. ಆದರೆ ಮುಚ್ಚಿದ ಬಾಗಿಲಿಗೆ ತುಟಿಯೆಲ್ಲಿ? ಅದಕ್ಕೇ ಅವಳು ಯಾರೂ ಕೂಗುವ ಮೊದಲೇ ಒಂದೊಂದು ಬಾಗಿಲನ್ನೂ ತಟ್ಟಿ, "ಸೈಜ್ ಸರಿಯಾಯ್ತಾ? ಸ್ವಲ್ಪ ಬಾಗಿಲು ತೆಗೀರಿ, ನೋಡೋಣ" ಎನ್ನುತ್ತಿದ್ದಳು. ಗಿರಾಕಿಗಳಿಗೆ ಇದು ಬಲು ಹಿಡಿಸಿತು. ಈಯಮ್ಮನಿಗೆ ಎಷ್ಟು ಕಾಳಜಿ ಎಂದು ಹೊಗಳಿ ಹೋಗುತ್ತಿದ್ದರು. ಹೊಗಳಿದಷ್ಟೂ ಅವಳ ಅಳುಕು ಹೆಚ್ಚುತ್ತಿತ್ತು. ಕಿವಿ ಕೇಳುವುದಿಲ್ಲವೆಂದು ತಿಳಿದರೆ ಮನೆಗೆ ಕಳಿಸಿಬಿಡುತ್ತಾರೆ ಎಂಬ ಹೆದರಿಕೆಯಲ್ಲಿ ಗಂಡನ ಮುಂದೆ ಕೂಡ ಬಲಗಿವಿಯ ಸುದ್ದಿ ಎತ್ತಿರಲಿಲ್ಲ.

ಹೀಗಿರುವಾಗ ಅಂಗಡಿಗೆ ಯಂತ್ರಗಳು ಬಂದವು. ಟ್ರಯಲ್ ರೂಮಿನ ಕನ್ನಡಿಗಳ ಪಕ್ಕದಲ್ಲಿ ಟಚ್ ಸ್ಕ್ರೀನ್ ಕೂರಿಸಿದರು. ಪ್ರತಿ ಬಟ್ಟೆಯ ಚೀಟಿಯೊಳಗೂ ಕೂದಲೆಳೆಯಂಥ ತಂತಿಯ ಆರ್‌ಎಫ್‌ಐಡಿ ಟ್ಯಾಗ್ ಸೇರಿಕೊಂಡಿತು. ಗಿರಾಕಿ ಒಳಗೆ ಕಾಲಿಟ್ಟರೆ ಸಾಕು, ಕೈಯಲ್ಲಿರುವ ಬಟ್ಟೆ ಯಾವುದೆಂದು ಪರದೆಗೆ ತಿಳಿಯುತ್ತಿತ್ತು. ಬೇರೆ ಅಳತೆ ಬೇಕಿದ್ದರೆ ಪರದೆಯ ಮೇಲೆ ಬೆರಳಿಟ್ಟರಾಯಿತು, ಅಕ್ಕನ ಕೈಯಲ್ಲಿದ್ದ ಸಣ್ಣ ಯಂತ್ರದ ಮೇಲೆ ಅದು ಅಕ್ಷರವಾಗಿ ಮೂಡುತ್ತಿತ್ತು. ಜೊತೆಯವರೆಲ್ಲ ಇನ್ನು ನಮ್ಮ ಅನ್ನಕ್ಕೆ ಕಲ್ಲು ಬಿತ್ತು ಎಂದು ಗೊಣಗಿದರು. ಅಕ್ಕನೂ ಮುಖ ಸಪ್ಪೆ ಮಾಡಿಕೊಂಡು ತಲೆಯಾಡಿಸಿದಳು. ಒಳಗೊಳಗೇ ಅವಳಿಗೆ ಸ್ವರ್ಗ ಅಂಗೈಗೆ ಬಂದಂತಾಗಿತ್ತು.

ಅದೇ ಕೈಯಂತ್ರದಿಂದ ಕಳೆದುಹೋದ ಬಟ್ಟೆಯನ್ನು ಹುಡುಕಲೂ ಬರುತ್ತಿತ್ತು. ಬೇಕಾದ ಟ್ಯಾಗನ್ನು ಆರಿಸಿ ಹಿಡಿದು ನಡೆದರೆ, ಬಟ್ಟೆ ಹತ್ತಿರವಾದಂತೆ ಪರದೆಯ ಹಸಿರು ಪಟ್ಟಿ ಎತ್ತರವಾಗುತ್ತಿತ್ತು. ಜೊತೆಗೆ ಯಂತ್ರ ಕೀಂ ಕೀಂ ಎನ್ನುತ್ತದೆ ಎಂದು ಕಲಿಸಲು ಬಂದವರು ಹೇಳಿದ್ದರು. ಅಕ್ಕ ಪಟ್ಟಿಯನ್ನಷ್ಟೇ ನೆಚ್ಚಿಕೊಂಡಳು.

ಒಂದು ರಜಾದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬ ಅಜ್ಜಿ ಪುಟ್ಟ ಮೊಮ್ಮಗಳ ಕೈಹಿಡಿದು ಟ್ರಯಲ್ ರೂಮಿಗೆ ಬಂದರು. ಹುಡುಗಿ ಅಂಗಡಿಯ ಹಳದಿ ಮಳೆಕೋಟೊಂದನ್ನು ತೊಟ್ಟುಕೊಂಡು ಬಿಚ್ಚಲೊಲ್ಲೆ ಎಂದು ಹಟ ಹಿಡಿದಿದ್ದಳು. ಅಜ್ಜಿ ತಮ್ಮ ಸ್ವೆಟರಿನ ಗುಂಡಿ ಹಾಕಿಕೊಂಡು ತಿರುಗಿ ನೋಡುವಷ್ಟರಲ್ಲಿ ಮೊಮ್ಮಗಳಿಲ್ಲ.

ಅಂಗಡಿಯೆಲ್ಲ ಗಲಿಬಿಲಿಯಾಯಿತು. ಕಾವಲುಗಾರ ಬಾಗಿಲಿಗೆ ಅಡ್ಡ ನಿಂತ. ಮೇಲ್ವಿಚಾರಕರು ಮೈಕಿನಲ್ಲಿ ಕರೆದರು. ಜನ ಹೆಸರು ಕೂಗುವುದು, ಉಸಿರು ಬಿಗಿಹಿಡಿದು ಕಿವಿಗೊಡುವುದು, ಮತ್ತೆ ಕೂಗುವುದು. ಅಜ್ಜಿ ಮಾತ್ರ ನಿಂತಲ್ಲೇ ಕುಸಿದು, "ನನ್ನ ಸೊಸೆಗೆ ಏನಂತ ಹೇಳ್ಲಿ, ಮಗು ಎಲ್ಲಿ ಅಂತ ಹೇಳ್ಲಿ" ಎಂದು ಅದನ್ನೇ ಹಲುಬುತ್ತಿದ್ದರು.

ಅಕ್ಕನಿಗೆ ಆ ತುಟಿಗಳ ನಡುಕ ಕಾಣುತ್ತಿತ್ತು. ಕೂಗಿ ಹುಡುಕುವುದು ಅವಳ ಕೈಲಾಗುವ ಕೆಲಸವಲ್ಲ. ಮಗು ಓಗೊಟ್ಟರೂ ಅವಳಿಗೆ ತಿಳಿಯುವುದಿಲ್ಲ. ಏನು ಮಾಡುವುದೆಂದು ತೋಚದೆ ಕೋಣೆಯೊಳಗೆ ನೋಡಿದಳು. ಪರದೆಯ ಮೇಲೆ ಅಜ್ಜಿಯ ಸ್ವೆಟರಿನ ಪಕ್ಕದಲ್ಲಿ ಹಳದಿ ಮಳೆಕೋಟಿನ ಚಿತ್ರ ಇನ್ನೂ ಇತ್ತು. ಕೋಟು ಮಗುವಿನ ಮೈಮೇಲಿದೆ, ಚೀಟಿ ಕೋಟಿನಲ್ಲಿದೆ. ಅವಳು ಆ ಟ್ಯಾಗನ್ನು ಕೈಯಂತ್ರಕ್ಕೆ ಇಳಿಸಿಕೊಂಡು ಹೊರಟಳು.

ಆ ಮಹಡಿಯಲ್ಲಿ ಪಟ್ಟಿ ಮೇಲೇಳಲಿಲ್ಲ. ಮೆಟ್ಟಿಲು ಹತ್ತಿ ಹಾಸಿಗೆ, ಕಿಟಕಿ ಪರದೆ ಮಾರುವ ಮಹಡಿಗೆ ಬಂದಾಗ ಹಸಿರು ಒಂದಿಷ್ಟು ಚಿಗುರಿತು. ಬಲಕ್ಕೆ ಹೋದರೆ ಕುಗ್ಗಿತು, ಎಡಕ್ಕೆ ಹೊರಳಿದರೆ ಏರಿತು. ಕಡೆಗೆ ಪ್ರದರ್ಶನಕ್ಕಿಟ್ಟ ಮಂಚದ ಬಳಿ ಪಟ್ಟಿ ತುದಿ ಮುಟ್ಟಿತು. ಅಕ್ಕ ಮಂಡಿಯೂರಿ ಮೇಲುಹಾಸನ್ನು ಎತ್ತಿದಳು. ಮಂಚದ ಕೆಳಗೆ ಮಗು ಎರಡೂ ಕಿವಿ ಮುಚ್ಚಿಕೊಂಡು ಕೂತಿತ್ತು.

"ಅದರ ಬಾಯಿ ಮುಚ್ಚಿಸು, ಕಿರುಚ್ತಾ ಇದೆ" ಎಂದಿತು ಮಗು. ಹಸ್ತದಗಲದ ಮುಖದ ಪುಟ್ಟ ತುಟಿಗಳನ್ನು ಅಕ್ಕ ಸಲೀಸಾಗಿ ಓದಿದಳು. ಯಂತ್ರ ಯಾವಾಗಿನಿಂದ ಅರಚುತ್ತಿತ್ತೋ ಅವಳಿಗೇನು ಗೊತ್ತು. ಆ ಸದ್ದಿನ ಜಾಡು ಹಿಡಿದು ಮೇಲ್ವಿಚಾರಕರೂ ಜನರೂ ಆಗಲೇ ಹಿಂದೆ ಬಂದು ನಿಂತಿದ್ದರು.

"ನಿಂಗೆ ಕೇಳ್ಸಲ್ವಾ?" ಮಗು ಕೇಳಿತು.

"ಇಲ್ಲ ಪುಟ್ಟಾ, ನಂಗೆ ಕೇಳ್ಸಲ್ಲ" ಎಂದಳು ಅಕ್ಕ. ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. "ಅಷ್ಟು ಜನ ಕೂಗಿದ್ರಲ್ಲ, ನೀನ್ಯಾಕೆ ಬರ್ಲಿಲ್ಲ?"

"ಬಂದ್ರೆ ಕೋಟು ಬಿಚ್ಚಿಸ್ತಾರೆ."

ಏದುಸಿರು ಬಿಡುತ್ತಾ ಬಂದ ಅಜ್ಜಿ ಬೈಯಲೂ ಆಗದೆ, ನಗಲೂ ಆಗದೆ ಮೊಮ್ಮಗಳನ್ನು ಕೋಟಿನ ಸಮೇತ ಬಾಚಿ ಅಪ್ಪಿಕೊಂಡರು. ಇನ್ನೊಂದು ಕೈಯಲ್ಲಿ ಅಕ್ಕನ ಕೈ ಹಿಡಿದವರು ಬಹಳ ಹೊತ್ತು ಬಿಡಲೇ ಇಲ್ಲ.

ಜನ ಚದುರಿದ ಮೇಲೆ ಮೇಲ್ವಿಚಾರಕರು ಅವಳನ್ನು ಕರೆದು ಎದುರಿಗೆ ಕೂರಿಸಿಕೊಂಡರು.

"ಮಗುವಿಗೆ ಹೇಳಿದ್ದು ನಿಜಾನಾ?" ಅವರು ನಿಧಾನವಾಗಿ, ಮುಖ ಕೊಟ್ಟು ಕೇಳಿದರು.

"ಹೂಂ ಸರ್. ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಬಚ್ಚಿಟ್ಟೆ."

ಅವರು ಕತ್ತು ತುರಿಸಿಕೊಂಡರು. "ನಾನು ಇಷ್ಟು ದಿನ ನಿಮ್ಮನ್ನ ಸೊಕ್ಕಿನ ಹೆಂಗಸು ಅಂದ್ಕೊಂಡಿದ್ದೆ, ಕರೆದ್ರೆ ತಿರುಗಿಯೂ ನೋಡಲ್ಲ ಅಂತ. ಹೇಳಬಾರದಿತ್ತಾ? ಕೆಲಸ ಎಲ್ಲಿಗೂ ಹೋಗಲ್ಲ." ಯಂತ್ರವನ್ನು ಇಸಿದುಕೊಂಡು ಏನೋ ಒತ್ತಿ ವಾಪಸು ಕೊಟ್ಟರು. "ಇನ್ಮೇಲೆ ಇದು ಕಿರುಚಲ್ಲ, ಕೈಯಲ್ಲೇ ನಡುಗುತ್ತೆ. ನಮ್ಮ ಕಿವಿಗೂ ಪುಣ್ಯ."

ಅಕ್ಕ ನಕ್ಕಳು. ನಗುತ್ತಿದ್ದಂತೆ ಕಣ್ಣಲ್ಲಿ ನೀರೂ ಬಂತು. ಅದನ್ನು ಮಡಚಲು ತಂದಿದ್ದ, ಯಾರೋ ಬೇಡವೆಂದು ಬಿಟ್ಟ ದುಪಟ್ಟಾದಿಂದ ಒರೆಸಿಕೊಳ್ಳಹೋಗಿ, ಮಾರುವ ಮಾಲು ಎಂದು ನೆನಪಾಗಿ ಕೈ ತಡೆದಳು.

ಸಂಜೆ ಮನೆಯಲ್ಲಿ, ಗಂಡ ತರಕಾರಿ ಹೆಚ್ಚುತ್ತಿದ್ದಾಗ, ಎಲ್ಲವನ್ನೂ ಹೇಳಿದಳು. ಅವನು ಚಾಕು ಕೆಳಗಿಟ್ಟ. "ಹಂಗಾದ್ರೆ ನನ್ನ ಗೊರಕೆ ನಿಂತಿಲ್ಲ ಅನ್ನು" ಎಂದ. "ನೀನು ಬೈಯೋದು ಬಿಟ್ಟಮೇಲೆ ವಾಸಿಯಾಯ್ತು ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ದೀನಿ."

ಮುಂದಿನ ವಾರ ಕಿವಿ ಡಾಕ್ಟರ ಹತ್ತಿರ ಅವನೇ ಕರೆದುಕೊಂಡು ಹೋದ. ಬಲಗಿವಿಗೆ ಯಂತ್ರ ಹಾಕಿದರೆ ಸಾಕಷ್ಟು ಕೇಳಿಸುತ್ತದೆ ಎಂದು ಡಾಕ್ಟರು ಅಂದಾಗ, ಅಕ್ಕ ಅದನ್ನು ತುಟಿಯಲ್ಲಿ ಓದಿದಳು. ಸಾಲದೆ, ಇನ್ನೊಮ್ಮೆ ಹೇಳಿ ಎಂದು ಕೇಳಿದಳು. ಹಾಗೆ ಕೇಳಲು ಅವಳಿಗೆ ಈಗ ಸಂಕೋಚವಿರಲಿಲ್ಲ.