ಭಾನುವಾರದ ತೋಟಗಾರರು

ರಾಯಚೂರಿನ ಬಿಸಿಲಿನಲ್ಲಿ ಗುಲಾಬಿ ಬೆಳೆಸುತ್ತೇವೆಂದು ಹೊರಟ ಮಹಾನುಭಾವರಲ್ಲಿ ನಾನೂ ಒಬ್ಬ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಗುಮಾಸ್ತ. ನಮ್ಮ ಬಡಾವಣೆಯ ಸಾರ್ವಜನಿಕ ಉದ್ಯಾನವನ್ನು ನಾಗರಿಕರೇ ನೋಡಿಕೊಳ್ಳಬೇಕು ಎಂಬ ಹುಮ್ಮಸ್ಸು ಕೆಲವು ದೊಡ್ಡವರ ತಲೆಗೆ ಹೊಕ್ಕಿತು. ದೊಡ್ಡವರು ಎಂದರೆ ನಿವೃತ್ತರು. ನೌಕರಿಯಲ್ಲಿದ್ದಾಗ ಒಂದು ಕಡ್ಡಿಯನ್ನೂ ಎತ್ತಿ ಅತ್ತ ಇಡದವರು, ನಿವೃತ್ತಿಯ ಮರುದಿನದಿಂದಲೇ ದೇಶಸೇವೆಗೆ ತುದಿಗಾಲಲ್ಲಿ ನಿಂತಿದ್ದರು.

ಎಲ್ಲರೂ ಸೇರಿ ಒಂದು ಸಂಘ ಕಟ್ಟಿದರು, ನಿವೃತ್ತ ತಹಶೀಲ್ದಾರರೊಬ್ಬರು ಅಧ್ಯಕ್ಷರಾದರು. ಮಾನ್ವಿಯಿಂದ ಬಂದು ನೆಲೆಸಿದ್ದ ನಿವೃತ್ತ ಹೆಡ್‌ಮಾಸ್ತರರು ಉಪಾಧ್ಯಕ್ಷರು. ಬಟ್ಟೆ ಅಂಗಡಿಯ ಸಾಹುಕಾರರು ಮತ್ತು ಇನ್ನೂ ಐದಾರು ಮಂದಿ ಸದಸ್ಯರು. ನನ್ನನ್ನು ಕಾರ್ಯದರ್ಶಿ ಮಾಡಿದರು, ಏಕೆಂದರೆ ಸಭೆಯ ನಡಾವಳಿ ಬರೆಯಲು ಯಾರಾದರೂ ಬೇಕಿತ್ತು. ನಾನು ಅದನ್ನು ಗೌರವವೆಂದು ತಿಳಿದು ಉಬ್ಬಿಹೋದೆ. ಹೆಂಡತಿಗೆ ಹೇಳಿದಾಗ ಅವಳು, "ಮನಿ ಮುಂದಿನ ಮಲ್ಲಿಗಿಗೆ ಮೊದ್ಲು ಒಂದು ತಂಬಿಗಿ ನೀರು ಹಾಕ್ರಿ" ಎಂದಳು.

ಪ್ರತಿ ಭಾನುವಾರ ಏಳು ಗಂಟೆಗೆ ಶ್ರಮದಾನ. ಅಧ್ಯಕ್ಷರು ಖಾಕಿ ಚಡ್ಡಿ, ಬಿಳಿ ಬನಿಯನ್, ಕಾಲಿಗೆ ಬೂಟು ಹಾಕಿಕೊಂಡು, ಹಳ್ಳಿಯೊಂದನ್ನು ಜಪ್ತಿ ಮಾಡಲು ಹೊರಟವರ ಗತ್ತಿನಲ್ಲಿ ಬರುತ್ತಿದ್ದರು. ಸಾಹುಕಾರರು ಇಸ್ತ್ರಿ ಮುರಿಯದ ಧೋತರದಲ್ಲೇ ಸಲಿಕೆ ಹಿಡಿಯುತ್ತಿದ್ದರು. ಸಸಿಗೆ ಮೊದಲು ಅರಿಶಿನ, ಕುಂಕುಮ, ಊದುಬತ್ತಿ, ಆಮೇಲೆ ಕಾಯಿ. ಅಷ್ಟೆಲ್ಲ ಆದಮೇಲೆ ಅದರ ಬೇರಿಗೆ ಸುತ್ತಿದ್ದ ಪ್ಲಾಸ್ಟಿಕ್ ಚೀಲವನ್ನು ಬಿಚ್ಚದೆ, ಹಾಗೇ ಗುಂಡಿಗಿಳಿಸಿ ಮಣ್ಣು ಮುಚ್ಚಿ ಕೈಮುಗಿಯುತ್ತಿದ್ದರು. ಎಂಟು ಗಂಟೆಗೆ ಚಹಾ, ಒಗ್ಗರಣೆ ಮಂಡಕ್ಕಿ ಮತ್ತು ಭಾಷಣ. ಅಷ್ಟು ಹೊತ್ತಿಗೆ ಎಲ್ಲರ ಸೊಂಟವೂ ಹಿಡಿದಿರುತ್ತಿತ್ತು. ಇಂಗ್ಲೆಂಡಿನಲ್ಲಿ ಉದ್ಯಾನಗಳು ಹೇಗಿರುತ್ತವೆ ಎಂದು ಅಧ್ಯಕ್ಷರು ವಿವರಿಸುತ್ತಿದ್ದರು. ಅವರು ಹೈದರಾಬಾದಿನ ಆಚೆ ಹೋದವರಲ್ಲ.

ಆದರೂ ಉದ್ಯಾನ ಹಸಿರಾಯಿತು. ಅದೇ ವಿಚಿತ್ರ. ನಾವು ನೆಟ್ಟದ್ದೆಲ್ಲ ಚಿಗುರಿತು. ಎರೆಮಣ್ಣು ಅಂದರೆ ಬೇಸಿಗೆಯಲ್ಲಿ ಹಾರೆಗೂ ಜಗ್ಗುವುದಿಲ್ಲ. ಅಂಥ ನೆಲ ನಮ್ಮ ಸಲಿಕೆಗೆ ಬೆಣ್ಣೆಯ ಹಾಗೆ ಕೊಯ್ದು ಬರುತ್ತಿತ್ತು. "ನೋಡ್ರಿ, ಮನಸ್ಸಿಟ್ಟು ಮಾಡಿದ್ರ ಭೂಮ್ತಾಯಿ ಒಲೀತಾಳ" ಎಂದು ಅಧ್ಯಕ್ಷರು ಎದೆ ತಟ್ಟಿಕೊಳ್ಳುತ್ತಿದ್ದರು. ನಾವೆಲ್ಲ ತಲೆದೂಗುತ್ತಿದ್ದೆವು.

ಉದ್ಯಾನದ ಮೂಲೆಯಲ್ಲಿ ತಗಡು ಹೊದಿಸಿದ ಒಂದು ಕೋಣೆಯಿತ್ತು. ಅಲ್ಲಿ ಮಾಲಿ ಮತ್ತು ಅವರ ಹೆಂಡತಿ ಇರುತ್ತಿದ್ದರು. ದೇವದುರ್ಗದ ಕಡೆಯವರು, ಮನೆಯಲ್ಲಿ ದಖನಿ ಮಾತು, ನಮ್ಮ ಜೊತೆ ಕನ್ನಡ. ಹದಿನಾಲ್ಕು ವರ್ಷಗಳಿಂದ ದಿನಗೂಲಿಯ ಮೇಲೆ ಆ ಉದ್ಯಾನ ನೋಡಿಕೊಂಡವರು. ನಾನು ಅವರನ್ನು ಚಾಚಾ ಎಂದು ಕರೆದು, ಏಕವಚನದಲ್ಲಿ ಮಾತಾಡಿಸುತ್ತಿದ್ದೆ. ಈಗ ಬಹುವಚನದಲ್ಲಿ ಬರೆಯುತ್ತಿದ್ದೇನೆ. ಅದರಿಂದ ಅವರಿಗೆ ಆಗಬೇಕಾದ್ದೇನೂ ಇಲ್ಲ.

ಒಂದು ಶನಿವಾರ ಪಾತಿಗಳ ಅಳತೆ ಬರೆದುಕೊಳ್ಳಲು ನಾನೊಬ್ಬನೇ ಹೋದೆ. ಮರುದಿನ ನಾವು ಅಗೆಯಬೇಕಾಗಿದ್ದ ಪಾತಿಯಲ್ಲಿ ಚಾಚಾ ಬಗ್ಗಿ ನಿಂತು ಹಾರೆ ಹಾಕುತ್ತಿದ್ದರು. ಶುಕ್ರವಾರವೇ ಬಾವಿಯಿಂದ ಕೊಡ ಕೊಡ ನೀರು ಹೊತ್ತು ಆ ಮಣ್ಣು ನೆನೆಸಿದ್ದರಂತೆ. ಶನಿವಾರ ಹದ ನೋಡಿ ಹೆಂಟೆ ಒಡೆದು ಮಗುಚಿ, ಮೇಲೆ ಒಣಮಣ್ಣು ಉದುರಿಸಿ ಯಾರೂ ಮುಟ್ಟೇ ಇಲ್ಲವೇನೋ ಎನ್ನುವ ಹಾಗೆ ಸವರುತ್ತಿದ್ದರು.

"ಇದೇನು ಚಾಚಾ, ನಾಳಿ ನಾವ ಬರ್ತೀವಲ್ಲ?" ಎಂದೆ.

"ಬರ್ತೀರಲ್ರಿ ಸಾಹೇಬ್ರ, ಅದಕ್ಕ ಮಾಡಾಕತ್ತೀನಿ. ಒಣ ನೆಲಕ್ಕ ನೀವು ಸಲಿಕಿ ಹಾಕಿದ್ರ ರಟ್ಟಿ ಹಿಡೀತಾವ. ರಟ್ಟಿ ಹಿಡಿದ್ರ ಮುಂದಿನ ವಾರ ಬರಂಗಿಲ್ಲ. ಬರಲಿಲ್ಲಂದ್ರ ಗಿಡ ಯಾರು ತಂದ್ಕೊಡ್ತಾರ?"

ಸೋಮವಾರದ ಕೆಲಸವನ್ನೂ ನಾನೇ ಕೇಳಿ ತಿಳಿದುಕೊಂಡೆ. ನಾವು ಪೂಜೆ ಮಾಡಿ ನೆಟ್ಟ ಸಸಿಗಳನ್ನೆಲ್ಲ ಅವರು ಸೋಮವಾರ ನಸುಕಿನಲ್ಲಿ ಕಿತ್ತು, ಪ್ಲಾಸ್ಟಿಕ್ ಹರಿದು, ಗೊಬ್ಬರ ಹಾಕಿ, ಕುಂಕುಮ ಅಳಿಸದಂತೆ ಮತ್ತೆ ನೆಡುತ್ತಿದ್ದರು. ಅಂದರೆ ಅವರಿಗೆ ಎರಡು ಕೆಲಸ: ಒಂದು ಉದ್ಯಾನದ್ದು, ಇನ್ನೊಂದು ನಮ್ಮದು. ನಾನು ಬಿದ್ದು ಬಿದ್ದು ನಕ್ಕೆ. ನಕ್ಕು ಮನೆಗೆ ಹೋದೆ, ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಭಾನುವಾರದ ಚಹಾ ಯಾರ ಗಂಟಲಲ್ಲೂ ಇಳಿಯುತ್ತಿರಲಿಲ್ಲ, ನನ್ನದನ್ನೂ ಸೇರಿಸಿ.

ಹೆಡ್‌ಮಾಸ್ತರರ ತುಳಸಿಯ ಕತೆ ಇದಕ್ಕಿಂತ ಮೇಲು. ಅವರು ಒಂದು ಕಟ್ಟೆ ಕಟ್ಟಿಸಿ ತುಳಸಿ ಹಚ್ಚಿದ್ದರು. ಮಡಿಯಲ್ಲಿ ಬಂದು ತಾವೇ ನೀರು ಹಾಕಬೇಕು, ಬೇರೆ ಯಾರ ನೆರಳೂ ಸೋಕಬಾರದು. ಮಾಲಿಯಂತೂ ಆ ಕಡೆ ಹಾಯಲೇಬಾರದು ಎಂದು ಕಟ್ಟಪ್ಪಣೆ. ಕಡು ಬೇಸಿಗೆಯಲ್ಲಿ ಅವರು ಸೇವೆಗೆಂದು ಮಂತ್ರಾಲಯಕ್ಕೆ ಹೋಗಿ ಎಂಟು ದಿನ ಉಳಿದರು. ಬಂದು ನೋಡಿದರೆ ತುಳಸಿ ನಳನಳಿಸುತ್ತಿತ್ತು. ಮಾಸ್ತರರ ಕಣ್ಣಲ್ಲಿ ನೀರು. "ಎಂಟು ದಿನ ಹನಿ ನೀರಿಲ್ಲ! ಗುರುಗಳ ಅನುಗ್ರಹ ಅಂದ್ರ ಇದು!" ಎಂದು ಭಾನುವಾರ ಎಲ್ಲರನ್ನೂ ಕರೆದು ತೋರಿಸಿದರು. ನಾವು ಸಾಲಾಗಿ ನಿಂತು ಆ ಅನುಗ್ರಹಕ್ಕೆ ನಮಸ್ಕರಿಸಿದೆವು. ಅನುಗ್ರಹ ಆಚೆ ಬಾವಿಯ ಹತ್ತಿರ ಬೀಡಿ ಸೇದುತ್ತಾ ಕೂತಿತ್ತು. ನನ್ನ ಮುಖ ನೋಡಿ, ಹೇಳಬೇಡಿ ಎಂದು ಕಣ್ಣಲ್ಲೇ ಸನ್ನೆ ಮಾಡಿತು. ಗೊತ್ತಾದರೆ ಮಾಸ್ತರರು ಗಿಡವನ್ನೇ ಕಿತ್ತೆಸೆಯುತ್ತಾರೆ ಎಂಬುದು ಚಾಚಾ ಅವರ ಚಿಂತೆ. ಗಿಡದ ಚಿಂತೆ, ತಮ್ಮದಲ್ಲ.

ಹೀಗೆ ಎರಡು ವರ್ಷ ನಡೆಯಿತು. ಒಂದು ಸಂಜೆ ಚಾಚಾ ನನ್ನ ಮನೆ ಬಾಗಿಲಿಗೆ ಬಂದರು. ತಮಗಾಗಿ ಏನನ್ನಾದರೂ ಕೇಳಿದ್ದು ಅದೊಂದೇ ಸಲ. ಬಹಳ ವರ್ಷ ದಿನಗೂಲಿ ಮಾಡಿದವರನ್ನು ಖಾಯಂ ಮಾಡುತ್ತಿದ್ದಾರಂತೆ. ಅವರ ಹೆಸರೂ ಪಟ್ಟಿಯಲ್ಲಿದೆ. ಆದರೆ ಉದ್ಯಾನವನ್ನೆಲ್ಲ ನಾಗರಿಕರೇ ನೋಡಿಕೊಳ್ಳುತ್ತಿರುವಾಗ ಈ ಮಾಲಿ ಏಕೆ ಎಂದು ಮೇಲಿನವರು ಕೇಳಿದ್ದಾರೆ. ನಮ್ಮ ಸಂಘ ಒಂದು ಸಾಲು ಬರೆದುಕೊಟ್ಟರೆ ಸಾಕು: ಈ ಉದ್ಯಾನಕ್ಕೆ ಈ ಮಾಲಿ ಬೇಕು. ಇಲ್ಲದಿದ್ದರೆ ಕೆಲಸವೂ ಹೋಗುತ್ತದೆ, ತಗಡಿನ ಕೋಣೆಯೂ ಹೋಗುತ್ತದೆ.

"ಮನ್ಯಾಕಿಗೆ ದಮ್ಮಿನ ಬ್ಯಾನಿ ಅದ್ರಿ. ಈ ವಯಸ್ಸಿನಾಗ ಎಲ್ಲಿ ಹೋಗೂದು? ಒಂದು ಚೀಟಿ ಕೊಡ್ರಿ ಸಾಹೇಬ್ರ, ನಿಮ್ಮ ಪುಣ್ಯ."

"ಅದೇನ್ ದೊಡ್ಡ ಮಾತು ಚಾಚಾ, ನಾ ಬರಸ್ತೀನಿ" ಎಂದು ಎದೆ ತಟ್ಟಿ ಹೇಳಿದೆ. ಎದೆ ತಟ್ಟುವುದನ್ನು ಅಧ್ಯಕ್ಷರಿಂದ ಕಲಿತಿದ್ದೆ.

ಮರುದಿನ ಕಾಗದ ಬರೆದು ಅಧ್ಯಕ್ಷರ ಸಹಿಗೆ ಒಯ್ದೆ. ಅವರು ಕನ್ನಡಕ ಏರಿಸಿ ಓದಿ, ಬಿಸಿ ಮುಟ್ಟಿದಂತೆ ಕೆಳಗಿಟ್ಟರು. "ತಲಿ ನೆಟ್ಟಗ ಅದ ಏನ್ರಿ ನಿಮಗ? ಜಿಲ್ಲೆಗೆಲ್ಲ ಉತ್ತಮ ಉದ್ಯಾನ ಅಂತ ಬಹುಮಾನಕ್ಕ ಹೋದ ತಿಂಗಳ ಅರ್ಜಿ ಹಾಕೀವಿ. ಸಂಪೂರ್ಣ ನಾಗರಿಕರ ಶ್ರಮದಿಂದ ಅಂತ ನೀವ ಬರ್ದೀರಿ. ಈಗ ಮಾಲಿ ಬೇಕು ಅಂದ್ರ, ಇಷ್ಟು ದಿನ ನಾವೇನು ಮಂಡಕ್ಕಿ ತಿಂದ್ವೇನ್ರಿ?"

ಹೌದು, ಮಂಡಕ್ಕಿಯನ್ನೇ ತಿಂದೆವು ಎನ್ನಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಕಾಗದವನ್ನು ಮಡಿಚಿ ಜೇಬಿಗಿಟ್ಟುಕೊಂಡು ಎದ್ದು ಬಂದೆ. ಚಾಚಾ ಎದುರಾದಾಗಲೆಲ್ಲ, "ಆಗ್ತದ, ಆಗ್ತದ" ಎನ್ನುತ್ತಾ ಹಾದುಹೋಗುತ್ತಿದ್ದೆ.

ಕಾಗದ ಹೋಗದ್ದರಿಂದ, ವಿಚಾರಣೆಗೆಂದು ಉದ್ಯಾನಗಳ ಉಸ್ತುವಾರಿಯ ಅಧಿಕಾರಿಯೊಬ್ಬರು ಒಂದು ಭಾನುವಾರ ತಾವೇ ಬಂದರು. ಒಳ್ಳೆಯ ಮನುಷ್ಯ. ಹೂಪಾತಿಗಳನ್ನೆಲ್ಲ ಸುತ್ತಿ ನೋಡಿ ಬೆರಗಾದರು. ಅಧ್ಯಕ್ಷರು ಅಂದು ಎರಡರಷ್ಟು ಜೋರಿನಿಂದ ಸಲಿಕೆ ಬೀಸಿದರು. ಮೆತ್ತಗಿನ ಮಣ್ಣು ಹಾರಿ ಹಾರಿ ಬಿತ್ತು. ಹತ್ತು ಮಾರು ದೂರದಲ್ಲಿ ಚಾಚಾ ಕೊಡ ಕೆಳಗಿಟ್ಟು, ಕೈ ಕಟ್ಟಿಕೊಂಡು ನಿಂತಿದ್ದರು.

ಅಧಿಕಾರಿ ಕೇಳಿದರು: "ಈ ಮನುಷ್ಯ ಇಲ್ದಿದ್ರೂ ಪಾರ್ಕ್ ನಡೀತದ ಏನ್ರಿ? ನೀವು ಬೇಕು ಅಂದ್ರ ಇಟ್ಕೋತೀವಿ. ಖರೇ ಹೇಳ್ರಿ."

ಅಧ್ಯಕ್ಷರು ಜಾಣರು. ಬೆವರು ಒರೆಸಿಕೊಳ್ಳುತ್ತಾ, "ನಮ್ಮ ಕಾರ್ಯದರ್ಶಿಗಳು ಹೇಳ್ತಾರ" ಎಂದರು. ಎಲ್ಲರೂ ನನ್ನತ್ತ ತಿರುಗಿದರು. ಮಾಸ್ತರರು, ಸಾಹುಕಾರರು, ಕೊನೆಗೆ ಚಾಚಾ. ಅವರ ಮುಖದಲ್ಲಿ ಸಮಾಧಾನವಿತ್ತು. ಹೇಳುವವನು ನಾನಲ್ಲವೇ, ಎಲ್ಲವನ್ನೂ ಕಣ್ಣಾರೆ ಕಂಡವನು.

"ನಡೀತದ್ರಿ" ಎಂದೆ. "ಎಲ್ಲಾ ನಾವ ಮಾಡ್ತೀವಿ."

ಆ ಮಾತು ಆಡಲು ನನಗೆ ಯಾವ ಒತ್ತಾಯವೂ ಇರಲಿಲ್ಲ. ಅಧ್ಯಕ್ಷರು ನನ್ನ ಮೇಲಧಿಕಾರಿಯಲ್ಲ, ನನ್ನ ಅನ್ನ ಕಿತ್ತುಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ದೊಡ್ಡವರ ಸಾಲಿನಲ್ಲಿ ನನಗೊಂದು ಚಹಾ ಬಟ್ಟಲು ಸಿಗುತ್ತಿತ್ತು, ಅಷ್ಟೇ. ಅದಕ್ಕಾಗಿ ಹೇಳಿದೆ. ಚಾಚಾ ಕೊಡ ಎತ್ತಿಕೊಂಡು ಹೋಗಿ, ಅರ್ಧಕ್ಕೆ ಬಿಟ್ಟಿದ್ದ ಪಾತಿಗೆ ನೀರು ಹಾಕಿ ಮುಗಿಸಿದರು. ಆ ತಿಂಗಳ ಕೊನೆಗೆ ಗಂಡಹೆಂಡತಿ ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ದೇವದುರ್ಗದ ಬಸ್ಸು ಹತ್ತಿದರು.

ನಮಗೆ ಬಹುಮಾನ ಬಂತು, ಸಮಾರಂಭದ ಓಡಾಟದಲ್ಲಿ ಎರಡು ಮೂರು ಭಾನುವಾರ ಯಾರೂ ಸಲಿಕೆ ಹಿಡಿದಿರಲಿಲ್ಲ. ಅದರ ಫೋಟೋದಲ್ಲಿ ನಾನು ಎಡದಿಂದ ಮೂರನೆಯವನು, ಹಲ್ಲು ಕಿರಿಯುತ್ತಿದ್ದೇನೆ. ಬಹುಮಾನದ ನಂತರದ ಭಾನುವಾರ ಅಧ್ಯಕ್ಷರು ಸಲಿಕೆ ಹಾಕಿದರು. ಖಣ್ ಎಂದು ಅದು ಪುಟಿದು ಅವರ ಮೊಣಕಾಲಿಗೇ ಬಡಿಯಿತು. "ಏನ್ರಿ ಇದು, ಮಣ್ಣಿಗೆ ಏನಾತು?" ಎಂದರು. ಯಾರಿಗೂ ಅರ್ಥವಾಗಲಿಲ್ಲ. ಯಾರೋ ಗೊಬ್ಬರದ ದೋಷವೆಂದರು, ಯಾರೋ ನೀರಿನಲ್ಲಿ ಸವಳು ಎಂದರು. ಮಾಸ್ತರರು ಗ್ರಹಗತಿ ಎಂದರು, ಅವರೊಬ್ಬರ ನೀರು ಸಾಲದೆ ತುಳಸಿ ಒಣಗಿ ಕಡ್ಡಿಯಾಗಿತ್ತು. ಮೂರನೆಯ ವಾರಕ್ಕೆ ಚಹಾ ಕುಡಿಯಲೂ ಯಾರೂ ಬರಲಿಲ್ಲ. ಈ ಜನರ ಬಗ್ಗೆ ನನಗಿರುವುದು ತಿರಸ್ಕಾರ. ಆದರೆ ಅವರಿಗೆ ಒಂದು ರಿಯಾಯಿತಿ ಕೊಡಲೇಬೇಕು: ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನನಗೆ ಆ ರಿಯಾಯಿತಿ ಇಲ್ಲ.

ಮೂರು ವರ್ಷಗಳ ನಂತರ ನನಗೆ ಮಾನ್ವಿಗೆ ವರ್ಗವಾಯಿತು. ಮನೆ ರಾಯಚೂರಿನಲ್ಲೇ ಇತ್ತು, ಪ್ರತಿ ಶನಿವಾರ ಹೋಗಿ ಬರುತ್ತಿದ್ದೆ. ಒಮ್ಮೆ ಕಚೇರಿ ಕೆಲಸದ ಮೇಲೆ ಮಾನ್ವಿಯಿಂದ ಸಿರವಾರದ ಮೇಲೆ ಹಾಯುವ ದೇವದುರ್ಗದ ಬಸ್ಸು ಹತ್ತಿದೆ. ಕಾಲಿಡಲು ಜಾಗವಿರಲಿಲ್ಲ. "ಬರ್ರಿ ಸಾಹೇಬ್ರ, ಇಲ್ಲಿ ಕುಂದರ್ರಿ" ಎಂದು ಯಾರೋ ಸರಿದು ಜಾಗ ಮಾಡಿದರು. ಕೂತಮೇಲೆ ನೋಡಿದೆ, ಚಾಚಾ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಸಂಬಂಧಿಕರ ಮದುವೆಗೆಂದು ಮಾನ್ವಿಗೆ ಬಂದವರು ಊರಿಗೆ ಮರಳುತ್ತಿದ್ದರಂತೆ. ನನ್ನ ಮಕ್ಕಳನ್ನು ವಿಚಾರಿಸಿದರು. ಆಮೇಲೆ, "ಗಿಡಗೋಳು ಹೆಂಗ ಅದಾವ್ರಿ?" ಎಂದರು.

ಒಣಗಿವೆ ಎಂದರೆ ಏಕೆ ಎಂಬ ಮಾತು ಬರುತ್ತದೆ. ಅದು ನನಗೆ ಬೇಡವಾಗಿತ್ತು. "ಚಲೋ ಅದಾವ ಚಾಚಾ. ಈ ಸಲ ಗುಲಾಬಿ ಭಾಳ ಬಿಟ್ಟಾವ" ಎಂದೆ.

"ಹೌದ್ರಿ?" ಎಂದು ಅವರು ಕಿಟಕಿಯಾಚೆ ನೋಡಿದರು. ಬಸ್ಸು ಎರಡು ನಿಲ್ದಾಣ ದಾಟಿತು. "ಹೋದ ಜುಮ್ಮಾ ದಿನ ಮನ್ಯಾಕಿನ್ನ ರಾಯಚೂರು ದವಾಖಾನಿಗೆ ಕರ್ಕೊಂಡು ಹೋಗಿದ್ದೆರಿ. ಹಂಗ ಪಾರ್ಕಿಗೂ ಹೋದೆ. ಮೂಲ್ಯಾಗಿನ ಬೇವಿನ ಗಿಡ ಒಂದು ಇನ್ನೂ ಜೀವ ಹಿಡಕೊಂಡದ. ಎರಡು ಕೊಡ ನೀರು ಹಾಕಿ ಬಂದೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ.

ಸಿರವಾರ ಬಂತು. ನನ್ನ ಟಿಕೆಟ್ ದೇವದುರ್ಗದ ತನಕ ಇತ್ತು. ಇಲ್ಲೇ ಸ್ವಲ್ಪ ಕೆಲಸವಿದೆ ಎಂದು ಏನೋ ಬಡಬಡಿಸಿ, ಜನರನ್ನು ತಳ್ಳಿಕೊಂಡು ಇಳಿದುಬಿಟ್ಟೆ. ಬಸ್ಸು ಹೊರಡುತ್ತಿದ್ದಂತೆ ಕಿಟಕಿಯಿಂದ ಒಂದು ಕೈ ಹೊರಬಂತು. "ಸಾಹೇಬ್ರ, ನಿಮ್ಮ ಚೀಲ" ಎಂದು ಕೂಗಿ, ನಾನು ಸೀಟಿನ ಮೇಲೆ ಬಿಟ್ಟು ಬಂದಿದ್ದ ಕಡತಗಳ ಚೀಲವನ್ನು ಚಾಚಾ ನನ್ನ ಕೈಗೆ ಕೊಟ್ಟರು.